ಗೀರು ಬೀಳದ ಲ್ಯಾಪ್‌ಟಾಪ್

"ಅಂಗಡಿಯವರು ವಾಪಸ್ ತಗೊಳ್ಳಲ್ವಂತೆ ಕಣೇ, ಕೇಳ್ದೆ" ಎಂದು ನಾನು ನನ್ನ ತಂಗಿಗೆ ಹೇಳಿದ್ದು ಸುಳ್ಳು. ಅಂಗಡಿಯವರು ವಾಪಸ್ ತೆಗೆದುಕೊಳ್ಳುತ್ತಿದ್ದರು. ಏಳು ದಿನದೊಳಗೆ ತಂದರೆ ಸ್ವಲ್ಪ ಹಣ ಹಿಡಿದುಕೊಂಡು ಬೇರೆ ಲ್ಯಾಪ್‌ಟಾಪ್ ಕೊಡುತ್ತೇವೆ ಎಂದು ಬಿಲ್ಲು ಬರೆಯುವಾಗಲೇ ಹೇಳಿದ್ದರು. ನಾನು ಕೇಳಲು ಹೋಗಿರಲೇ ಇಲ್ಲ. ಕೇಳಿ ಬಂದೆ ಎಂದು ಅವಳಿಗೆ ಹೇಳಿದ ಆ ಮಧ್ಯಾಹ್ನ ನಾನು ಸುಂಕದಕಟ್ಟೆಯ ನಮ್ಮ ಅಂಗಡಿಯಲ್ಲಿ ಒಂದು ಸ್ಕೂಟರಿನ ಸೀಟಿಗೆ ಪಾಲಿಶ್ ಹಚ್ಚುತ್ತ ಕೂತಿದ್ದೆ.

ನಮ್ಮ ಅಂಗಡಿ ಎಂದರೆ ನನ್ನದಲ್ಲ, ನಾನು ಕೆಲಸ ಮಾಡುವ ಅಂಗಡಿ. ಮಾಗಡಿ ರಸ್ತೆಯ ಪಕ್ಕದಲ್ಲಿ ತಗಡಿನ ಚಾವಣಿ ಹಾಕಿ, ಹಳೇ ಬೈಕು, ಸ್ಕೂಟರುಗಳನ್ನು ಸಾಲಾಗಿ ನಿಲ್ಲಿಸಿದ ಜಾಗ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ನಾನು ಕಲಿತದ್ದೆಲ್ಲ ಅಲ್ಲಿಯೇ. ಬೆಳಿಗ್ಗೆ ಎಲ್ಲ ಬೈಕುಗಳನ್ನೂ ಒಮ್ಮೆ ಸ್ಟಾರ್ಟ್ ಮಾಡಿ ನಿಲ್ಲಿಸಬೇಕು. ಟ್ಯಾಂಕಿನ ಮೇಲೆ ಬೆರಳಾಡಿಸಿ ಬಣ್ಣ ಕಂಪನಿಯದೋ ಆಮೇಲೆ ಹೊಡೆಸಿದ್ದೋ ಹೇಳಬೇಕು. ಯಾವ ಬಣ್ಣ ಬೇಗ ಹೋಗುತ್ತದೆ, ಯಾವ ಮಾಡೆಲ್ ಆರು ತಿಂಗಳು ನಿಂತರೂ ಯಾರೂ ಕೇಳುವುದಿಲ್ಲ, ಇದೆಲ್ಲ ನನಗೆ ಬಾಯಿಪಾಠ. ಹೊಸ ಬೈಕು ಕೊಳ್ಳುವವರೂ ನನ್ನ ಬಳಿ ಬಂದು "ಅಣ್ಣಾ, ಇದಕ್ಕೆ ರೀಸೇಲ್ ಇದ್ಯಾ?" ಎಂದು ಕೇಳಿಕೊಂಡು ಹೋಗುತ್ತಿದ್ದರು. ನಾನು ಹೇಳಿದ್ದು ತಪ್ಪುತ್ತಿರಲಿಲ್ಲ. ಅದರಿಂದಾಗಿ ಒಂದು ಚಟ ಅಂಟಿಕೊಂಡಿತು. ಮಿಕ್ಸಿ ಕೊಂಡರೂ ರಟ್ಟಿನ ಡಬ್ಬಿ ಎಸೆಯುವ ಹಾಗಿಲ್ಲ. ಟೀವಿ ಕೊಂಡರೆ ಅದರ ಅಂಚಿನ ಪ್ಲಾಸ್ಟಿಕ್ ಕೀಳುವ ಹಾಗಿಲ್ಲ. ಬ್ಯಾಡರಹಳ್ಳಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಅಟ್ಟದ ತುಂಬ ಖಾಲಿ ಡಬ್ಬಿಗಳು. ಅಮ್ಮ ಬೈದುಕೊಂಡೇ ಅವುಗಳ ಧೂಳು ಹೊಡೆಯುತ್ತಿದ್ದಳು.

ತಂಗಿ ನನಗಿಂತ ಆರು ವರ್ಷ ಚಿಕ್ಕವಳು. ಪಿಯುಸಿ ಎರಡನೇ ವರ್ಷದಲ್ಲಿ ಇಂಗ್ಲಿಷ್ ಹೋಯಿತು, ಮತ್ತೆ ಕಟ್ಟಲಿಲ್ಲ. ಹತ್ತನೇ ಕ್ಲಾಸಿನ ಮೇಲೆ ಸೇರಬಹುದಾದ ನರ್ಸಿಂಗ್ ಕೋರ್ಸಿಗೆ ಸೇರಿದಳು, ಎರಡು ತಿಂಗಳಿಗೆ ಬಿಟ್ಟಳು. ಆಮೇಲೆ ಗಾರ್ಮೆಂಟ್ಸ್‌ಗೆ ನಾಲ್ಕು ವರ್ಷ ಹೋದಳು. ಅಲ್ಲಿಂದ ಬಿಟ್ಟು, ಮನೆಗೆ ಹತ್ತಿರವೇ ಇದ್ದ ಒಂದು ಕಂಪ್ಯೂಟರ್ ಎಂಬ್ರಾಯ್ಡರಿ ಯೂನಿಟ್‌ಗೆ ಸೇರಿದಳು. ಮದುವೆ ಬ್ಲೌಸುಗಳ ಮೇಲೆ ಮಷಿನ್ನಿನಲ್ಲಿ ಕಸೂತಿ ಹಾಕುವ ಜಾಗ ಅದು. ಮೊದಲು ದಾರ ಬದಲಿಸುವ ಕೆಲಸ. ಅಲ್ಲಿ ಡಿಸೈನ್ ಮಾಡುವ ಮೇಷ್ಟ್ರು ಒಬ್ಬರಿದ್ದರು. ಇವಳು ಊಟದ ಹೊತ್ತಿನಲ್ಲಿ ಅವರ ಹಿಂದೆ ನಿಂತು ನೋಡುತ್ತಿದ್ದಳಂತೆ. ಒಂದು ನವಿಲು ಬಟ್ಟೆಯ ಮೇಲೆ ಬರಬೇಕಾದರೆ ಸೂಜಿ ಎಲ್ಲಿಂದ ಶುರುವಾಗಿ ಎಲ್ಲಿಗೆ ಹೋಗಬೇಕು, ಎಲ್ಲಿ ದಾರ ಕತ್ತರಿಸಬೇಕು ಎಂದು ಕಂಪ್ಯೂಟರಿನಲ್ಲಿ ಒಂದೊಂದೇ ಹೊಲಿಗೆ ಕೂರಿಸಬೇಕು. ಅದಕ್ಕೆ ಅವರು ಪಂಚಿಂಗ್ ಎನ್ನುತ್ತಾರೆ. ಒಂದು ವರ್ಷದಲ್ಲಿ ಅವಳು ಅದನ್ನು ಕಲಿತಳು. ಮನೆಗೆ ಬಂದು ಅನ್ನ ಕಲಸುತ್ತಲೂ ತಟ್ಟೆಯ ಮೇಲೆ ಬೆರಳಿನಲ್ಲಿ ಬಳ್ಳಿ ಬರೆಯುತ್ತಿದ್ದಳು.

"ಅಣ್ಣ, ನಂದೇ ಒಂದು ಲ್ಯಾಪ್‌ಟಾಪ್ ಇದ್ರೆ ಮನೇಲೇ ಡಿಸೈನ್ ಮಾಡಿ ಬೇರೆ ಯೂನಿಟ್‌ಗಳಿಗೂ ಕೊಡಬಹುದು. ವಿಜಯನಗರದಲ್ಲಿ ಇಬ್ಬರು ಕೇಳಿದಾರೆ" ಎಂದಳು ಒಂದು ದಿನ.

ಗಾರ್ಮೆಂಟ್ಸ್ ಬಿಟ್ಟಾಗ ಬಂದ ಪಿಎಫ್ ದುಡ್ಡನ್ನು ಅವಳು ಮುಟ್ಟದೆ ಇಟ್ಟಿದ್ದಳು. ಅದನ್ನು ತಂದು ನನ್ನ ಕೈಗೆ ಕೊಟ್ಟಳು. ಕಡಿಮೆ ಬಿದ್ದದ್ದನ್ನು ನಾನು ಹಾಕಿದೆ. ಹೆಚ್ಚಿನ ಪಾಲು ಅವಳದೇ. "ತಗೊಳ್ಳೋದು ನೀನೇ ತಗೊಂಡ್ ಬಾ. ನಿಂಗೆ ವ್ಯವಹಾರ ಗೊತ್ತು" ಎಂದು ಒಂದು ನೋಟ್‌ಬುಕ್ ಹಾಳೆಯಲ್ಲಿ ಏನೇನು ಇರಬೇಕೋ ಬರೆದುಕೊಟ್ಟಳು. ಮೇಷ್ಟ್ರನ್ನು ಕೇಳಿ ಬರೆದದ್ದು. ಅವಳಿಗೆ ಆ ವಾರ ರಜೆ ಸಿಗಲಿಲ್ಲ.

ರಾಜಾಜಿನಗರದ ಅಂಗಡಿಗೆ ನಾನು ನಮ್ಮ ಮೆಕ್ಯಾನಿಕ್ ಗೆಳೆಯನನ್ನು ಕರೆದುಕೊಂಡು ಹೋದೆ. ಅವನು ಗದಗದ ಕಡೆಯವನು, ನಮ್ಮ ಬೈಕುಗಳ ಎಂಜಿನ್ ಕೆಲಸವೆಲ್ಲ ಅವನದು. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದವನು, ಭಾನುವಾರ ನಮ್ಮ ಮನೆಯಲ್ಲೇ ಊಟ. ಅಂಗಡಿಯ ಹುಡುಗ ತಂಗಿಯ ಚೀಟಿ ಓದಿ, ಒಂದು ಕಪ್ಪು ಬಣ್ಣದ, ದಪ್ಪಗಿನ ಲ್ಯಾಪ್‌ಟಾಪ್ ತೋರಿಸಿದ. "ಸಾರ್, ಇವ್ರು ಬರ್ದಿರೋದಕ್ಕೆ ಇದೇ ಸರಿ."

ಅದರ ಪಕ್ಕದಲ್ಲೇ ಬೆಳ್ಳಿ ಬಣ್ಣದ, ತೆಳ್ಳಗಿನ, ಎಲ್ಲರಿಗೂ ಹೆಸರು ಗೊತ್ತಿರುವ ಕಂಪನಿಯದೊಂದು ಇತ್ತು. ಬೆಲೆ ಹೆಚ್ಚು ಕಡಿಮೆ ಒಂದೇ. ನಾನು ನನ್ನ ಪ್ರಶ್ನೆ ಕೇಳಿದೆ. "ಎರಡು ವರ್ಷ ಬಿಟ್ಟು ಮಾರಿದ್ರೆ?"

"ಆ ದಪ್ಪದ್ದು ಅಂಗಡಿ ಬಾಗ್ಲು ದಾಟಿದ್ರೆ ಅರ್ಧ ಸಾರ್. ಇದು ನೋಡಿ, ನೀಟಾಗಿ ಇಟ್ಕೊಂಡ್ರೆ ಮುಕ್ಕಾಲು ಕೈಗೆ ಬರುತ್ತೆ. ಬಾಕ್ಸು, ಬಿಲ್ಲು ಇರ್ಬೇಕು ಅಷ್ಟೆ. ಆದ್ರೆ ನಿಮ್ ತಂಗಿ ಹೇಳಿರೋ ಸಾಫ್ಟ್‌ವೇರ್ ಇದ್ರಲ್ಲಿ ಕೂರಲ್ಲ."

ಅವನು ಹೇಳಿದ. ನನಗೆ ಕೇಳಿಸಿತು. ಬೈಕು ಯಾವುದಾದರೂ ಹಾಕುವುದು ಅದೇ ಪೆಟ್ರೋಲ್, ಸಾಫ್ಟ್‌ವೇರನ್ನೂ ಯಾರಾದರೂ ಹೇಗಾದರೂ ತುಂಬಿಸಿಕೊಡುತ್ತಾರೆ ಎಂದುಕೊಂಡೆ. ಗೆಳೆಯ ನನ್ನ ತೋಳು ಹಿಡಿದು, "ಏ ದೋಸ್ತ, ಆಕಿ ಚೀಟ್ಯಾಗ ಬರದದ್ದು ಇದಲ್ಲೋ. ಫೋನ್ ಹಚ್ಚಿ ಒಂದ್ ಮಾತ್ ಕೇಳು" ಎಂದ.

ಆಗ ನಾನು ನಕ್ಕುಬಿಟ್ಟೆ. ಅಂಗಡಿಯ ಹುಡುಗನೂ ಕೇಳುವಂತೆ, "ಆರು ತಿಂಗ್ಳು ಆಡ್ತಾಳೆ, ಆಮೇಲೆ ಬಿಡ್ತಾಳೆ ಗುರು. ಕಾಲೇಜು ಬಿಟ್ಲು, ನರ್ಸಿಂಗ್ ಬಿಟ್ಲು. ಕೊನೆಗೆ ಮಾರೋ ಕೆಲ್ಸ ನಂದೇ ತಾನೇ" ಎಂದೆ. ಹುಡುಗನೂ ನಕ್ಕ. ಗೆಳೆಯ ನಗಲಿಲ್ಲ, ಬಾಗಿಲ ಬಳಿ ಹೋಗಿ ನಿಂತ. ಬಿಲ್ಲು ನನ್ನ ಹೆಸರಿಗೆ ಮಾಡಿಸಿದೆ. ಮಾರುವಾಗ ಅನುಕೂಲ.

ಸಂಜೆ ತಂಗಿ ಡಬ್ಬಿ ನೋಡಿದ ಕೂಡಲೇ ಅವಳ ಮುಖ ಅರಳಿತು. ಎರಡೂ ಕೈ ತೊಳೆದು ಒರೆಸಿಕೊಂಡು ಬಂದು ಮುಚ್ಚಳ ತೆರೆದಳು. ಪರದೆ ಬೆಳಗಿದ ಮೇಲೆ ಕೈ ಹಿಂದೆ ತೆಗೆದಳು. "ಅಣ್ಣ, ಇದ್ರಲ್ಲಿ ನಮ್ ಸಾಫ್ಟ್‌ವೇರ್ ಬರಲ್ಲ."

"ಬರುತ್ತೆ ಕಣೇ, ಯಾರನ್ನಾದ್ರೂ ಕೇಳೋಣ. ಇದಕ್ಕೆ ರೀಸೇಲ್ ಏನ್ ಗೊತ್ತಾ?"

ಮರುದಿನ ಅವಳು ಮೇಷ್ಟ್ರನ್ನು ಕೇಳಿ ಬಂದಳು. ಆಗುವುದಿಲ್ಲವಂತೆ. "ಬದಲಾಯಿಸ್ಕೊಂಡ್ ಬಾ ಅಣ್ಣ, ನಿನ್ನೆ ತಾನೇ ತಂದಿದ್ದು" ಎಂದಳು. ಅಂಗಡಿಯವರು ಹಿಡಿದುಕೊಳ್ಳುವ ಹಣವನ್ನು ನೆನೆದು ನನಗೆ ಮೈ ಉರಿಯಿತು. ಕೊಂಡ ವಸ್ತುವಿನ ಮೇಲೆ ಮರುದಿನವೇ ಕಳೆದುಕೊಳ್ಳುವುದೆಂದರೆ ನನ್ನ ಕಸುಬಿಗೇ ಅವಮಾನ. ಅದಕ್ಕೇ ಆ ಸುಳ್ಳು ಹೇಳಿದೆ. "ಹೋಗ್ಲಿ ಬಿಡು, ಇದನ್ನ ಇಟ್ಕೋ. ಎರಡು ವರ್ಷ ಬಿಟ್ಟು ಮಾರಿ ನಿಂಗೆ ಬೇಕಾದ್ದು ತಗೊಳ್ಳೋಣ" ಎಂದೂ ಸೇರಿಸಿದೆ. ನಾನು ಹೇಳಿದ್ದನ್ನು ಅವಳು ನಂಬಿದಳು.

ಲ್ಯಾಪ್‌ಟಾಪ್ ಬೀರುವಿನಲ್ಲಿ ನನ್ನ ಬಟ್ಟೆಗಳ ಕೆಳಗೆ ಸೇರಿತು. ತಿಂಗಳಿಗೊಂದು ಭಾನುವಾರ ನಾನೇ ತೆಗೆದು, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಬ್ಯಾಟರಿ ಕೆಡದಂತೆ ಚಾರ್ಜ್ ಹಾಕಿ ಮತ್ತೆ ಡಬ್ಬಿಯೊಳಗೆ ಇಡುತ್ತಿದ್ದೆ. ಅವಳು ಯೂನಿಟ್‌ನಲ್ಲಿ ಪಾಳಿ ಮುಗಿದ ಮೇಲೂ ಉಳಿದು, ಮಾಲೀಕರ ಕಂಪ್ಯೂಟರಿನಲ್ಲಿ ತನ್ನ ಡಿಸೈನ್ ಮಾಡಿಕೊಳ್ಳುತ್ತಿದ್ದಳು. ಒಮ್ಮೆ ರಾಜಾಜಿನಗರದ ಒಂದು ಬ್ಲೌಸ್ ಅಂಗಡಿಯವರು ಮೂರು ಡಿಸೈನ್ ಕೇಳಿದರು. ಸೋಮವಾರ ಬೆಳಿಗ್ಗೆ ಬೇಕು, ಚೆನ್ನಾಗಿದ್ದರೆ ಮದುವೆ ಸೀಸನ್ ಪೂರ್ತಿ ನಿನಗೇ ಎಂದರಂತೆ. ಆ ಭಾನುವಾರ ಯೂನಿಟ್‌ಗೆ ಬೀಗ. ಅವಳು ಮನೆಯಲ್ಲಿ ಕೂತು ಕಾಗದದ ಮೇಲೆ ಮೂರನ್ನೂ ಬರೆದಳು. ಕಾಗದ ಮಷಿನ್ನಿಗೆ ಹಾಕಲು ಬರುವುದಿಲ್ಲ. ಅವಳು ಬರೆಯುತ್ತಿದ್ದ ಅದೇ ಕೋಣೆಯಲ್ಲಿ ನಾನು ಲ್ಯಾಪ್‌ಟಾಪನ್ನು ಚಾರ್ಜಿಗೆ ಹಾಕಿದ್ದೆ. ಆ ಕೆಲಸ ಬೇರೆ ಯಾರಿಗೋ ಹೋಯಿತು. "ಮುಂದಿನ ಸಲ ಸಿಗುತ್ತೆ ಬಿಡು" ಎಂದೆ.

ಅದಾಗಿ ಕೆಲವು ತಿಂಗಳಿಗೆ ಅವಳು ಭಾನುವಾರಗಳಲ್ಲಿ ಮನೆಯಲ್ಲಿ ಇಲ್ಲವಾದಳು. ಕೆಂಗೇರಿಯಲ್ಲಿ ಹಳೇ ಗಾರ್ಮೆಂಟ್ಸ್ ಗೆಳತಿಯ ಮನೆಗೆ ಎನ್ನುತ್ತಿದ್ದಳು. ಗೆಳೆಯನೂ ಭಾನುವಾರ ಊಟಕ್ಕೆ ಬರುವುದನ್ನು ನಿಲ್ಲಿಸಿದ್ದ. ಎರಡನ್ನೂ ಜೋಡಿಸುವ ಯೋಚನೆ ನನಗೆ ಬಂದಿರಲಿಲ್ಲ. ನಮ್ಮ ಅಂಗಡಿಗೆ ಬೈಕು ನೋಡಲು ಬಂದ ಒಬ್ಬ, "ನಿಮ್ ಮೆಕ್ಯಾನಿಕ್ಕು ಭಾನುವಾರ ಭಾನುವಾರ ಕೆಂಗೇರೀಲಿ ಕಾಣಿಸ್ತಾರಲ್ಲ ಅಣ್ಣ" ಎಂದಾಗಲೇ ಎರಡನ್ನೂ ಜೋಡಿಸಿದೆ. ಮುಂದಿನ ಭಾನುವಾರ ಅಂಗಡಿಯ ಒಂದು ಬೈಕು ತೆಗೆದುಕೊಂಡು ಅವಳು ಹತ್ತಿದ ಬಸ್ಸಿನ ಹಿಂದೆ ಹೋದೆ. ತಂಗಿಯ ಹಿಂದೆ ಕಳ್ಳನ ಹಾಗೆ ಹೋಗುತ್ತಿದ್ದೇನೆ ಎಂಬ ನಾಚಿಕೆ ಕೂಡ ನನಗೆ ಆಗ ಇರಲಿಲ್ಲ. ಇಬ್ಬರೂ ಸೇರಿ ನನಗೆ ಮೋಸ ಮಾಡಿದರು ಎನ್ನುವುದೊಂದೇ ತಲೆಯಲ್ಲಿತ್ತು.

ಕೆಂಗೇರಿಯ ಒಂದು ಅಡ್ಡರಸ್ತೆಯಲ್ಲಿ ಅವಳು ಇಳಿದು ಹೋದ ಮನೆಯ ಮುಂದೆ ಗೆಳೆಯನ ಬೈಕು ನಿಂತಿತ್ತು. ಬೀದಿಗೆ ತೆರೆದ ಕೋಣೆ. ಬಾಗಿಲು ಹಾಕಿರಲೂ ಇಲ್ಲ.

ಒಳಗೆ ಒಂದು ಸಲಕ್ಕೆ ಒಂದೇ ಬ್ಲೌಸಿಗೆ ಕಸೂತಿ ಹಾಕುವ, ಒಂದೇ ತಲೆಯ ಹಳೇ ಎಂಬ್ರಾಯ್ಡರಿ ಮಷಿನ್ ಇತ್ತು. ಅದರ ಅಡಿಯಲ್ಲಿ ಗೆಳೆಯ ಮಲಗಿ ಬೆಲ್ಟ್ ಬಿಗಿಮಾಡುತ್ತಿದ್ದ, ಕಾಲು ಮಾತ್ರ ಕಾಣುತ್ತಿತ್ತು. ತಂಗಿಯ ಗೆಳತಿ ಮೂಲೆಯಲ್ಲಿ ಬ್ಲೌಸಿಗೆ ಲೈನಿಂಗ್ ಹೊಲಿಯುತ್ತಿದ್ದಳು. ತಂಗಿ ಒಂದು ಕಪ್ಪು, ದಪ್ಪ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಳು. ಅದರ ಒಂದು ಮೂಲೆ ಒಡೆದಿತ್ತು, ಕೀಲಿಗಳ ಮೇಲಿನ ಅಕ್ಷರ ಅಳಿಸಿಹೋಗಿತ್ತು, ಮುಚ್ಚಳ ಬೀಳದಂತೆ ಹಿಂದೆ ಒಂದು ಇಟ್ಟಿಗೆ. ನಮ್ಮ ಅಂಗಡಿಗೆ ಅಂಥ ಸ್ಥಿತಿಯ ಬೈಕು ಬಂದರೆ ನಾನು ಗುಜರಿಗೆ ಕಳಿಸುತ್ತಿದ್ದೆ. ಪರದೆಯ ಮೇಲೆ ಒಂದು ತಾವರೆ ಅರ್ಧ ತುಂಬಿತ್ತು.

"ಏನಿದೆಲ್ಲ?" ಎಂದೆ.

ತಂಗಿ ತಿರುಗಿ ನೋಡಿ ಎದ್ದು ನಿಂತಳು. ಗೆಳೆಯ ಮಷಿನ್ನಿನ ಕೆಳಗಿನಿಂದಲೇ, "ಬಂದ್ಯಾ? ಬಾ, ಆ ಪಾನಾ ಕೊಡಿಲ್ಲಿ" ಎಂದ.

"ಸ್ಪ್ಯಾನರ್ ಇರ್ಲಿ ಗುರು, ನೀನ್ ಈಚೆ ಬಾ. ನಮ್ಮನೆ ಅನ್ನ ತಿಂದು ನಮ್ಮನೆ ಹೆಣ್ಮಗೂನ..."

ಅವನು ಎದ್ದು ಬಂದ. ಕೈಯೆಲ್ಲ ಗ್ರೀಸ್. "ಬಾಯಿ ಬಿಗಿ ಹಿಡಿ ಮಗನ. ನನ್ನ ಮಗಳಿಗಿಂತ ನಾಕ್ ವರ್ಷಕ್ಕ ದೊಡ್ಡಾಕಿ ಅದಾಳ. ಏನ್ ಮಾತಾಡಾಕತ್ತಿ ತಿಳಿತೈತೇನು?"

"ಮತ್ಯಾಕೆ ನಂಗೆ ಹೇಳ್ಲಿಲ್ಲ? ಇಬ್ರೂ ಸೇರ್ಕೊಂಡು ಮೋಸ ಮಾಡಿದ್ರಲ್ಲ!"

"ಮೋಸ ಅಂದ್ಯಾ ಅಣ್ಣ?" ಎಂದಳು ತಂಗಿ. ಧ್ವನಿ ಏರಲಿಲ್ಲ. "ಏಳು ದಿನ ಟೈಮ್ ಇತ್ತಂತೆ. ನೀನು ಕೇಳೋಕೆ ಹೋಗೇ ಇಲ್ವಂತೆ, ಆ ಮಧ್ಯಾಹ್ನ ನಿಮ್ ಅಂಗಡೀಲೇ ಇದ್ಯಂತೆ."

ನಾನು ಗೆಳೆಯನನ್ನು ನೋಡಿದೆ. ಅವನು ಗ್ರೀಸಿನ ಕೈಯನ್ನು ಬನಿಯನ್‌ಗೆ ಒರೆಸಿಕೊಳ್ಳುತ್ತಿದ್ದ.

"ರಾಜಾಜಿನಗರದ ಆರ್ಡರ್ ತಪ್ಪಿದ ದಿನ ನಾನು ಅಣ್ಣನ್ ಹತ್ರ ಅತ್ತೆ" ಎಂದಳು. ಅಣ್ಣ ಎಂದದ್ದು ಅವನನ್ನು. "ನನ್ ಹಣೆಬರಹ ಸರಿ ಇಲ್ಲ, ಅಂಗಡಿಯವ್ರೂ ಬದಲಾಯಿಸ್ಕೊಡ್ಲಿಲ್ಲ ಅಂದೆ. ಅವ್ರಿಗೆ ತಡ್ಕೊಳಕ್ಕಾಗ್ಲಿಲ್ಲ, ಹೇಳಿದ್ರು. ಆರು ತಿಂಗ್ಳು ಆಡ್ತಾಳೆ ಅಂದ್ಯಂತಲ್ಲ, ಅದನ್ನೂ ಹೇಳಿದ್ರು."

"ತಮಾಷೆಗೆ ಅಂದಿದ್ದು ಕಣೇ."

"ತಮಾಷೆ ಆಗಿದ್ರೆ ನಾನು ಬರ್ದಿದ್ದನ್ನೇ ನೀನು ತರ್ತಿದ್ದೆ."

ಗೆಳತಿ ಹೊಲಿಗೆ ನಿಲ್ಲಿಸಿ ಗೋಡೆಯ ಕಡೆ ನೋಡುತ್ತಿದ್ದಳು. ಗೆಳೆಯ, "ಯಾವನೋ ಗಿರಾಕಿ ಮನ್ಯಾಗ ಈ ಹಳೇದು ಬಿದ್ದಿತ್ತು. ಕೇಳಿ ತಂದೆ. ಆಕಿ ತಿಂಗಳಾ ಇಷ್ಟಿಷ್ಟ ಕೊಟ್ಟು ತೀರಿಸ್ಯಾಳ" ಎಂದ. ಆಮೇಲೆ ನನ್ನನ್ನು ನೋಡಿ, "ನಿನ್ನ ಅಂಗಡಿ ಬುದ್ಧಿ ಅಂಗಡ್ಯಾಗ ಇಡಬೇಕಿತ್ತಲೇ" ಎಂದು ಮತ್ತೆ ಮಷಿನ್ನಿನ ಕೆಳಗೆ ಹೋದ.

ನಾನು ಬೈಕು ತಿರುಗಿಸಿಕೊಂಡು ಬಂದುಬಿಟ್ಟೆ. ಎಷ್ಟೋ ದಿನ ನಾನೇ ಮೋಸ ಹೋದವನು ಎಂದುಕೊಂಡೇ ಓಡಾಡಿದೆ. ಗೆಳೆಯನೊಂದಿಗೆ ಮಾತು ಬಿಟ್ಟೆ. ಅವನು ಎಂಜಿನ್ ಬಿಚ್ಚುವಾಗ ನಾನು ಅಂಗಡಿಯ ಇನ್ನೊಂದು ತುದಿಗೆ ಹೋಗಿ ನಿಲ್ಲುತ್ತಿದ್ದೆ. ಒಳ್ಳೆಯದಕ್ಕೆ ಮಾಡಿದ್ದು, ದುಡ್ಡು ಉಳಿಯಲಿ ಎಂದು ಮಾಡಿದ್ದು ಎಂದು ಅಮ್ಮನಿಗೆ ಹೇಳಿಕೊಂಡೆ. ಅಮ್ಮ ಬೇಳೆ ಆರಿಸುತ್ತ, "ಅವ್ಳನ್ನ ಒಂದ್ ಮಾತು ಕೇಳ್ಬೋದಿತ್ತು" ಎಂದಳು. ತಂಗಿ ಯೂನಿಟ್ ಬಿಟ್ಟು ಗೆಳತಿಯ ಜೊತೆ ಕೆಂಗೇರಿಯಲ್ಲೇ ಇರತೊಡಗಿದಳು. ಅಮ್ಮನಿಗೆ ದಿನಾ ಫೋನ್ ಬರುತ್ತಿತ್ತು. ನನ್ನನ್ನು ಕೇಳುತ್ತಿದ್ದಳೋ ಇಲ್ಲವೋ ಅಮ್ಮ ಹೇಳುತ್ತಿರಲಿಲ್ಲ.

ಎರಡು ವರ್ಷ ತುಂಬಿತು. ಲ್ಯಾಪ್‌ಟಾಪ್ ಮಾರಿ ಅವಳ ದುಡ್ಡನ್ನಾದರೂ ಕೊಟ್ಟುಬಿಡೋಣ ಎಂದು ಫೋಟೋ ತೆಗೆದು, ಹಳೇ ಸಾಮಾನು ಮಾರುವ ಆ್ಯಪ್‌ನಲ್ಲಿ ಹಾಕಿದೆ. ರಾಜರಾಜೇಶ್ವರಿನಗರದಿಂದ ಆಫೀಸ್ ಕೆಲಸದ ಒಬ್ಬರು ಬಂದರು. ನಮ್ಮ ಅಂಗಡಿಗೇ ಬಂದು ಒಂದು ಬೈಕಿನ ಸೀಟಿನ ಮೇಲೆ ಡಬ್ಬಿ ಇಟ್ಟು ತೆರೆದರು. ತಿರುಗಿಸಿ ನೋಡಿದರು, ಬೆಳಕಿಗೆ ಹಿಡಿದರು, ಆನ್ ಮಾಡಿ ಏನೇನೋ ಒತ್ತಿದರು. ಅವರ ಹುಬ್ಬು ಗಂಟಿಕ್ಕಿತು.

"ಅಣ್ಣಾವ್ರೇ, ಎರಡು ವರ್ಷ ಅಂತೀರ. ಒಂದೂ ಗೀರಿಲ್ಲ. ಒಳಗೂ ಏನೂ ಇಲ್ಲ, ಯಾರೂ ಮುಟ್ಟೇ ಇಲ್ಲ. ಏನ್ ಪ್ರಾಬ್ಲಮ್ ಇದರದ್ದು? ರಿಪೇರಿಗೆ ಹೋಗಿತ್ತಾ?"

ನಮ್ಮ ವ್ಯಾಪಾರದಲ್ಲಿ ಇದಕ್ಕೊಂದು ಸಿದ್ಧ ಉತ್ತರ ಇದೆ. "ಲೇಡಿ ಯೂಸ್ ಸಾರ್, ನೀಟಾಗಿ ಇಟ್ಕೊಂಡಿದ್ರು." ಸಾವಿರ ಸಲ ಹೇಳಿದ್ದೇನೆ, ಎರಡು ಸಲ ಬಿದ್ದು ಎದ್ದ ಸ್ಕೂಟರಿಗೂ ಹೇಳಿದ್ದೇನೆ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೊರಗೆ ಬರಲಿಲ್ಲ. ಪಕ್ಕದಲ್ಲಿ ಗೆಳೆಯ ಕಾರ್ಬ್ಯುರೇಟರ್ ತೊಳೆಯುತ್ತಿದ್ದ, ಅವನ ಬ್ರಷ್ಷಿನ ಸದ್ದು ನಿಂತಿತ್ತು.

"ಪ್ರಾಬ್ಲಮ್ ಇದರದ್ದಲ್ಲ ಸಾರ್" ಎಂದೆ. "ನನ್ ತಂಗಿ ದುಡ್ಡಲ್ಲಿ ತಗೊಂಡೆ. ಅವ್ಳ ಕೆಲ್ಸಕ್ಕೆ ಇದು ಬರಲ್ಲ ಅಂತ ಗೊತ್ತಿದ್ದೇ ತಗೊಂಡೆ. ಮಾರೋವಾಗ ರೇಟ್ ಬರುತ್ತೆ ಅಂತ. ಬದಲಾಯಿಸಿ ಅಂದ್ಲು, ಸುಳ್ಳು ಹೇಳಿ ಮನೇಲಿ ಇಟ್ಕೊಂಡೆ. ಅದಕ್ಕೇ ಗೀರಿಲ್ಲ."

ಅವರು ಚೌಕಾಸಿ ಕೂಡ ಮಾಡದೆ ದುಡ್ಡು ಕೊಟ್ಟು, ಡಬ್ಬಿ ಎತ್ತಿಕೊಂಡು ಹೊರಟರು. ರಾಜಾಜಿನಗರದ ಅಂಗಡಿಯ ಹುಡುಗ ಹೇಳಿದ ಮುಕ್ಕಾಲು ಬೆಲೆ ಸರಿಯಾಗಿಯೇ ಬಂದಿತ್ತು. ನನ್ನ ಅಂದಾಜು ಎಲ್ಲೂ ತಪ್ಪಿರಲಿಲ್ಲ. ಗೆಳೆಯ ಬ್ರಷ್ಷು ಕೆಳಗಿಟ್ಟು, "ಈಗ ಹೋಗು. ನಾಳೆ ಅನಬ್ಯಾಡ" ಎಂದ. ಎಷ್ಟೋ ತಿಂಗಳ ಮೇಲೆ ಅವನು ನನ್ನೊಂದಿಗೆ ಆಡಿದ ಮೊದಲ ಮಾತು.

ಮಧ್ಯಾಹ್ನದ ಬಿಸಿಲಲ್ಲಿ ಕೆಂಗೇರಿ ತಲುಪಿದೆ. ಮಷಿನ್ ಓಡುತ್ತಿತ್ತು, ಕೆಂಪು ಬಟ್ಟೆಯ ಮೇಲೆ ಜರಿ ದಾರದ ಬಳ್ಳಿ ಏಳುತ್ತಿತ್ತು. ತಂಗಿ ನನ್ನನ್ನು ನೋಡಿ, "ಕೂತ್ಕೋ, ಇದೊಂದು ಕಳಿಸ್ಬಿಡ್ತೀನಿ" ಎಂದಳು. ಅಪರಿಚಿತರಿಗೂ ಹಾಗೇ ಹೇಳುತ್ತಿದ್ದಳೇನೋ. ನಾನು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತೆ. ಅವಳು ಮೂಗು ತಾಗುವಷ್ಟು ಬಾಗಿ ಪರದೆ ನೋಡುತ್ತ ಒಂದು ಹೊಲಿಗೆ ಅಳಿಸಿದಳು, ಇನ್ನೊಂದು ಕಡೆ ಕೂರಿಸಿದಳು, ಮತ್ತೆ ಅಳಿಸಿದಳು. ಅವಳು ಕೆಲಸ ಮಾಡುವುದನ್ನು ನಾನು ಅಲ್ಲಿಯವರೆಗೆ ಒಮ್ಮೆಯೂ ನೋಡಿರಲಿಲ್ಲ. ಮುಕ್ಕಾಲು ಗಂಟೆ ಹಾಗೇ ಕೂತಿದ್ದೆ.

ಮುಗಿದ ಮೇಲೆ ದುಡ್ಡಿನ ಕವರ್ ಕೊಟ್ಟೆ. "ಲ್ಯಾಪ್‌ಟಾಪ್ ಹೋಯ್ತು. ಇದು ನಿಂದು."

"ನೀನು ಹಾಕಿದ್ದು ತಕ್ಕೊಂಡ್ಯಾ?"

"ಇಲ್ಲ."

"ತಕ್ಕೋ ಅಣ್ಣ. ನಂಗೆ ನಂದಷ್ಟೇ ಸಾಕು." ಅವಳು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

"ಅವತ್ತು ಅಂಗಡೀಲಿ ಅಂದಿದ್ದು ತಮಾಷೆಗಲ್ಲ ಕಣೇ" ಎಂದೆ. "ನಿಜವಾಗ್ಲೂ ಹಾಗೇ ಅಂದ್ಕೊಂಡಿದ್ದೆ. ಬಿಡ್ತಾಳೆ ಅಂತ. ನಾನು ಏಳನೇ ಕ್ಲಾಸಿಗೇ ಬಿಟ್ಟವನು. ಯಾವುದನ್ನೂ ಕೊನೇ ತನಕ ಮಾಡಿದವನಲ್ಲ. ನೀನೂ ನನ್ ಥರಾನೇ ಅಂದ್ಕೊಂಡೆ. ತಪ್ಪಾಯ್ತು."

ಅವಳು ನನ್ನ ಪಾಲನ್ನು ಎಣಿಸಿ ನನ್ನ ಕೈಗಿಟ್ಟು, ಕವರನ್ನು ಮೇಜಿನ ಖಾನೆಗೆ ಹಾಕಿದಳು.

"ನಂಗೂ ಆವಾಗ ಹಾಗೇ ಅನ್ಸಿತ್ತು" ಎಂದಳು. "ಇದನ್ನೂ ಬಿಟ್ಬಿಡ್ತೀನೇನೋ ಅಂತ. ದುಡ್ಡು ನಾನೇ ತಗೊಂಡ್ ಹೋಗಿ ಅಂಗಡೀಲಿ ಕೊಡಬಹುದಿತ್ತು. ರಜ ಹಾಕಿದ್ರೆ ಸಿಗ್ತಿತ್ತು. ನೀನು ತಂದ್ರೆ, ನೀನು ನಂಬಿ ತಂದ ಹಾಗಾಗುತ್ತೆ ಅಂತ ನಿನ್ ಕೈಗೆ ಕೊಟ್ಟೆ."

ಗೆಳತಿ ಒಳಗಿನಿಂದ ಕಾಫಿ ತಂದಳು. ನಾನು ಕುಡಿದೆ. ಸಕ್ಕರೆ ಇತ್ತೋ ಇಲ್ಲವೋ ತಿಳಿಯಲಿಲ್ಲ. ಅಷ್ಟರಲ್ಲಿ ತಂಗಿಯ ಫೋನ್ ಬಂತು. "ಹೂಂ ಆಂಟಿ, ಕಳ್ಸಿದೀನಿ ನೋಡಿ. ಬಾರ್ಡರ್ ಬೇಕಾದ್ರೆ ಬದಲಾಯಿಸ್ತೀನಿ" ಎನ್ನುತ್ತ ಅವಳು ಮತ್ತೆ ಪರದೆಯ ಮುಂದೆ ಕೂತಳು. ಕೂರುವ ಮೊದಲು ನನ್ನ ಕಡೆ ಕೈಸನ್ನೆ ಮಾಡಿದಳು. ಇರು ಎಂದಳೋ, ಹೊರಡು ಎಂದಳೋ, ನನಗೆ ಗೊತ್ತಾಗಲಿಲ್ಲ. ಕೇಳುವ ಧೈರ್ಯ ಬರಲಿಲ್ಲ. ಲೋಟವನ್ನು ನಾನೇ ಒಳಗೆ ತೆಗೆದುಕೊಂಡು ಹೋಗಿ ತೊಳೆದಿಟ್ಟು, ಮತ್ತೆ ಅದೇ ಸ್ಟೂಲಿನ ಮೇಲೆ ಬಂದು ಕೂತೆ.